ಕುಡಿದು ಗಾಡಿ ಓಡಿಸಿದ ಕೇಸುಂಟು, ಡಾಕ್ಟರ್ ಓದಲಿಕ್ಕೆ ಆಗ್ತದಾ?

ನೀಟ್ ರಿಸಲ್ಟ್ ಬಂದು ಕರ್ನಾಟಕ ಪರೀಕ್ಷಾ ಪ್ರಾಧಿಕಾರದ (ಕೆಇಎ) ಕೌನ್ಸೆಲಿಂಗ್ ಹತ್ತಿರವಾಗುವಾಗ ನಮ್ಮ ಕರಾವಳಿಯ ಕೆಲವು ಮನೆಗಳಲ್ಲಿ ಒಂದು ಪ್ರಶ್ನೆ ಮೆಲ್ಲಗೆ ತಲೆ ಎತ್ತುತ್ತದೆ. ಹುಡುಗನಿಗೆ ಹತ್ತೊಂಬತ್ತೋ ಇಪ್ಪತ್ತೋ. ಪಿಯುಸಿ ಆದ ಮೇಲೆ ನೀಟ್‌ಗೆ ಲಾಂಗ್ ಟರ್ಮ್ ಕೋಚಿಂಗ್ ಕೂತು ಈ ಸಲ ಒಳ್ಳೆಯ ರ್‍ಯಾಂಕ್ ತಂದಿದ್ದಾನೆ. ಆದರೆ ಕಳೆದ ವರ್ಷ ಗೆಳೆಯನ ಬರ್ತ್‌ಡೇ ಮುಗಿಸಿ ರಾತ್ರಿ ಬರುವಾಗ ಮಂಗಳೂರಿನ ನಂತೂರಿನಲ್ಲಿ ಪೊಲೀಸರು ಕುಡಿತ ಅಳೆಯುವ ಮೆಷಿನ್‌ಗೆ ಊದಿಸಿದ್ದಾರೆ, ಸ್ಕೂಟರ್ ಸ್ಟೇಷನ್ ಸೇರಿದೆ, ಕೋರ್ಟಿನಲ್ಲಿ 10,000 ರೂಪಾಯಿ ಕಟ್ಟಿ ಬಿಡಿಸಿಕೊಂಡು ಬಂದದ್ದೂ ಆಗಿದೆ. ‘ಅದೆಲ್ಲ ಮುಗಿದ ಕತೆ ಅಲ್ವಾ? ಸೀಟಿಗೇನೂ ತೊಂದರೆ ಇಲ್ಲವಲ್ಲ?’

ಸೀಟಿಗೆ ತೊಂದರೆ ಇಲ್ಲ, ಅದು ನಿಜ. ಕತೆ ಮುಗಿದಿದೆ ಎನ್ನುವುದನ್ನು ಮಾತ್ರ ಒಪ್ಪಲಿಕ್ಕಾಗುವುದಿಲ್ಲ.

ಮೊದಲು ಸೀಟಿನ ವಿಚಾರ. ಎಂಬಿಬಿಎಸ್ ಪ್ರವೇಶಕ್ಕೆ ಈಗಿರುವುದು ರಾಷ್ಟ್ರೀಯ ವೈದ್ಯಕೀಯ ಆಯೋಗದ 2023ರ ಪದವಿ ವೈದ್ಯಕೀಯ ಶಿಕ್ಷಣ ನಿಯಮಾವಳಿ. ಅದು ನೋಡುವುದು 17 ವರ್ಷ ತುಂಬಿದೆಯೇ, ಪಿಯುಸಿಯಲ್ಲಿ ಬೇಕಾದ ವಿಷಯಗಳನ್ನು ಓದಿದ್ದೀರೇ, ನೀಟ್‌ನಲ್ಲಿ ಅರ್ಹತೆ ಸಿಕ್ಕಿದೆಯೇ ಎಂದು. ಕೆಇಎ ಕೇಳುವ ಕಾಗದಗಳು ಅಂಕಪಟ್ಟಿ, ವ್ಯಾಸಂಗ ಪ್ರಮಾಣಪತ್ರ, ಜಾತಿ-ಆದಾಯದ ದಾಖಲೆ, ಗ್ರಾಮೀಣ ಅಥವಾ ಕನ್ನಡ ಮಾಧ್ಯಮ ಮೀಸಲಾತಿಯ ಪತ್ರ, ಇಂಥವು. ನಿಮ್ಮ ಮೇಲೆ ಕ್ರಿಮಿನಲ್ ಕೇಸಿದೆಯೇ ಎಂದು ಆ ಹಂತದಲ್ಲಿ ಯಾರೂ ಕೇಳುವುದಿಲ್ಲ. ಪೊಲೀಸ್ ಪರಿಶೀಲನೆಯೂ ಇಲ್ಲ. ಕಾಲೇಜು ಸೇರುವಾಗ ಕೊಡುವ ನಡತೆ ಪ್ರಮಾಣಪತ್ರ ಹಿಂದಿನ ಪಿಯು ಕಾಲೇಜಿನ ಪ್ರಾಂಶುಪಾಲರದ್ದು. ಅವರಿಗೆ ಗೊತ್ತಿರುವುದು ತರಗತಿಯ ನಡತೆ, ನಂತೂರು ಸರ್ಕಲ್‌ನದ್ದಲ್ಲ.

ಹಾಗೆಂದು ಹಿಂದಿನ ತಪ್ಪಿನ ಬಗ್ಗೆ ಪ್ರಶ್ನೆಯೇ ಇಲ್ಲವೆಂದಲ್ಲ. ಪ್ರವೇಶದ ದಿನ ವಿದ್ಯಾರ್ಥಿಯೂ ಪೋಷಕರೂ ಸಹಿ ಹಾಕುವ ರ್‍ಯಾಗಿಂಗ್ ವಿರೋಧಿ ಅಫಿಡವಿಟ್ ಇದೆಯಲ್ಲ, ಅದರಲ್ಲಿ ‘ರ್‍ಯಾಗಿಂಗ್ ಕಾರಣಕ್ಕೆ ನನ್ನನ್ನು ಯಾವುದೇ ಸಂಸ್ಥೆಯಿಂದ ಹೊರಹಾಕಿಲ್ಲ’ ಎಂಬ ಅರ್ಥದ ಘೋಷಣೆ ಇರುತ್ತದೆ. ಮುಂದೆ ಹೆಣದ ಎದುರು, ರೋಗಿಯ ಎದುರು ನಿಲ್ಲಬೇಕಾದ ಹುಡುಗನಿಗೆ ನಮ್ಮ ವ್ಯವಸ್ಥೆ ಬಾಗಿಲಲ್ಲಿ ಕೇಳುವ ಹಳೆಯ ತಪ್ಪು ಅದೊಂದೇ. ಸೀನಿಯರ್ ಜೂನಿಯರಿಗೆ ಕೊಡುವ ಕಾಟವನ್ನು ಕಾನೂನು ಗಂಭೀರವಾಗಿ ತೆಗೆದುಕೊಂಡದ್ದು ಸರಿಯೇ. ಉಳಿದದ್ದರ ಬಗ್ಗೆ ಅದು ಬಾಯಿ ಬಿಡದೆ ಕೂತಿರುವುದು ಏಕೆಂದು ಮಾತ್ರ ನನಗೆ ಅರ್ಥವಾಗಿಲ್ಲ. ಆ ಮಾತಿಗೆ ಆಮೇಲೆ ಬರುತ್ತೇನೆ.

ಈಗ ಆ 10,000 ರೂಪಾಯಿಯ ವಿಷಯ. ಹೆಲ್ಮೆಟ್ ಇಲ್ಲದ್ದಕ್ಕೆ ಪೊಲೀಸರ ಕೈಯ ಮೆಷಿನ್‌ನಿಂದ ಚೀಟಿ ಬರುತ್ತದೆ, ಅಲ್ಲೇ ಕಟ್ಟಿದರೆ ಮುಗಿಯಿತು. ಮೋಟಾರು ವಾಹನ ಕಾಯ್ದೆಯ 200ನೇ ಸೆಕ್ಷನ್ ಅಂಥ ಅಪರಾಧಗಳನ್ನು ರಸ್ತೆಯಲ್ಲೇ ರಾಜಿ ಮಾಡಿ ಮುಗಿಸಲು ಬಿಡುತ್ತದೆ. 185ನೇ ಸೆಕ್ಷನ್, ಅಂದರೆ ಕುಡಿದು ವಾಹನ ಓಡಿಸುವುದು, ಆ ಪಟ್ಟಿಯಲ್ಲಿ ಇಲ್ಲ. 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಮ್‌ಗಿಂತ ಹೆಚ್ಚು ಮದ್ಯಸಾರ ಕಂಡರೆ ಕೇಸು ಕೋರ್ಟಿಗೇ ಹೋಗಬೇಕು. 2019ರ ಸೆಪ್ಟೆಂಬರ್ 1ರಿಂದ ಜಾರಿಯಲ್ಲಿರುವ ತಿದ್ದುಪಡಿಯಂತೆ ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು ಅಥವಾ 10,000 ದಂಡ ಅಥವಾ ಎರಡೂ. ಎರಡನೇ ಸಲ ಸಿಕ್ಕಿಬಿದ್ದರೆ 2 ವರ್ಷದವರೆಗೆ ಜೈಲು ಅಥವಾ 15,000 ಅಥವಾ ಎರಡೂ. ಇದರ ಮೇಲೆ 20ನೇ ಸೆಕ್ಷನ್ ಪ್ರಕಾರ ಕೋರ್ಟು ಕನಿಷ್ಠ 6 ತಿಂಗಳು ಲೈಸೆನ್ಸಿಗೆ ಅನರ್ಹಗೊಳಿಸಬೇಕು.

‘ಒಪ್ಪಿಕೊಂಡು ಫೈನ್ ಕಟ್ಟಿಬಿಡು ಮಾರಾಯ, ಮುಗೀತದೆ’ ಎಂದು ಸಲಹೆ ಕೊಡುವವರು ಬಿಟ್ಟುಬಿಡುವ ಸಂಗತಿ ಇದೇ. ಮ್ಯಾಜಿಸ್ಟ್ರೇಟರ ಎದುರು ಐದು ನಿಮಿಷದಲ್ಲಿ ಒಪ್ಪಿಕೊಂಡದ್ದು ತಪ್ಪೊಪ್ಪಿಗೆ. ಕಟ್ಟಿದ ದುಡ್ಡು ಕ್ರಿಮಿನಲ್ ಕೋರ್ಟು ವಿಧಿಸಿದ ಶಿಕ್ಷೆ. ಮುಂದೆ ಯಾವುದೋ ಅರ್ಜಿಯಲ್ಲಿ ‘ನಿಮಗೆ ಎಂದಾದರೂ ನ್ಯಾಯಾಲಯ ಶಿಕ್ಷೆ ವಿಧಿಸಿದೆಯೇ’ ಎಂದು ಕೇಳಿದರೆ ‘ಇಲ್ಲ’ ಎಂದು ಬರೆಯಲು ಈ ಹುಡುಗನಿಗೆ ಹಕ್ಕಿಲ್ಲ. ಇ-ಕೋರ್ಟ್ಸ್ ಜಾಲತಾಣದಲ್ಲಿ ಕಕ್ಷಿದಾರರ ಹೆಸರಿನಿಂದಲೇ ಕೇಸು ಹುಡುಕಬಹುದು, ಯಾರು ಬೇಕಾದರೂ.

ಇಲ್ಲೊಂದು ವಿಚಿತ್ರವನ್ನೂ ಹೇಳಬೇಕು. ಕುಡಿದವನನ್ನು 185ರಡಿ ಬಂಧಿಸಿದರೆ 2 ಗಂಟೆಯೊಳಗೆ ನೋಂದಾಯಿತ ವೈದ್ಯರಿಂದ ತಪಾಸಣೆ ಆಗಬೇಕು, ಆಗದಿದ್ದರೆ ಬಿಟ್ಟುಬಿಡಬೇಕು. ನಡುರಾತ್ರಿ ಪೊಲೀಸರು ಅವನನ್ನು ಕರೆತರುವುದು ಸರ್ಕಾರಿ ಆಸ್ಪತ್ರೆಯ ಕ್ಯಾಶುವಾಲಿಟಿಗೆ. ಅಲ್ಲಿ ಡ್ಯೂಟಿ ಡಾಕ್ಟರು ಉಸಿರಿನ ವಾಸನೆ, ಮಾತಿನ ತೊದಲು, ನಡಿಗೆ, ಕಣ್ಣಿನ ಪಾಪೆ ನೋಡಿ ಬರೆಯುತ್ತಾರೆ, ಬೇಕಿದ್ದರೆ ರಕ್ತ ತೆಗೆಯುತ್ತಾರೆ. ಸೂಜಿ ಚುಚ್ಚುವ ಜಾಗವನ್ನು ಸ್ಪಿರಿಟ್‌ನಿಂದ ಒರೆಸಬಾರದು, ಬಾಟಲಿಗೆ ಸೋಡಿಯಂ ಫ್ಲೋರೈಡ್ ಹಾಕಿರಬೇಕು ಎಂಬುದು ಫೊರೆನ್ಸಿಕ್ ಮೆಡಿಸಿನ್‌ನ ಪಾಠ. ಇವತ್ತು ಊದಿದ ಹುಡುಗ ಆರು ವರ್ಷದ ನಂತರ ಅದೇ ಮೇಜಿನ ಆಚೆ ಬದಿಯಲ್ಲಿ ನಿಂತು ಇನ್ನೊಬ್ಬನ ಉಸಿರು ಮೂಸಿ ಸರ್ಟಿಫಿಕೇಟ್ ಬರೆಯುವವನೇ ಆಗಬಹುದು.

ಎಲ್ಲರ ಕೇಸೂ ಒಂದೇ ತೆರನಲ್ಲ. ಎಷ್ಟು ಪ್ರಾಯದಲ್ಲಿ ಸಿಕ್ಕಿಬಿದ್ದ, ಕೇಸು ಮುಗಿದಿದೆಯೇ, ಯಾರಿಗಾದರೂ ಏನಾದರೂ ಆಗಿದೆಯೇ ಎಂಬುದರ ಮೇಲೆ ಮುಂದಿನ ದಾರಿ ಬೇರೆಬೇರೆ.

18 ತುಂಬದವರದ್ದು ತಲೆಕೆಳಗಾದ ಲೆಕ್ಕ: ಮಗನಿಗಿಂತ ಅಪ್ಪನಿಗೆ ಹೆಚ್ಚು ಅಪಾಯ. ಮೋಟಾರು ವಾಹನ ಕಾಯ್ದೆಯ 199ಎ ಸೆಕ್ಷನ್ ಪ್ರಕಾರ ಗಾಡಿ ಕೊಟ್ಟ ಪೋಷಕ ಅಥವಾ ಮಾಲೀಕನಿಗೆ 3 ವರ್ಷದವರೆಗೆ ಜೈಲು, 25,000 ದಂಡ. ಗಾಡಿಯ ನೋಂದಣಿ 12 ತಿಂಗಳು ರದ್ದು. ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗದು. ಆದರೆ ಅವನ ಮೇಲಿನ ಪ್ರಕರಣ ನಡೆಯುವುದು ಬಾಲನ್ಯಾಯ ಮಂಡಳಿಯ ಎದುರು. 2015ರ ಬಾಲನ್ಯಾಯ ಕಾಯ್ದೆಯ 24ನೇ ಸೆಕ್ಷನ್, ಶಿಕ್ಷೆಗೆ ಅಂಟಿಕೊಂಡು ಬರುವ ಯಾವ ಅನರ್ಹತೆಯೂ ಅವನಿಗೆ ತಟ್ಟದಂತೆ ನೋಡಿಕೊಳ್ಳುತ್ತದೆ. ನಡತೆ ಪ್ರಮಾಣಪತ್ರಕ್ಕಾಗಿ ಕೇಳಿದರೂ ಪೊಲೀಸರು ಆ ದಾಖಲೆ ಕೊಡಬಾರದು ಎಂದು 74ನೇ ಸೆಕ್ಷನ್ ಹೇಳುತ್ತದೆ. ಹಾಗಾಗಿ ಪಿಯುಸಿ ಪರೀಕ್ಷೆ ಮುಗಿದ ಖುಷಿಯಲ್ಲಿ ಹದಿನೇಳರ ಹುಡುಗ ಮಾಡಿಕೊಂಡ ಎಡವಟ್ಟು ಅವನ ವೈದ್ಯ ವೃತ್ತಿಯನ್ನು ಭಾರತದಲ್ಲಿ ಹಿಂಬಾಲಿಸುವುದಿಲ್ಲ. ಹತ್ತೊಂಬತ್ತರ ಲಾಂಗ್ ಟರ್ಮ್ ಹುಡುಗನಿಗೆ ಈ ಕೊಡೆ ಇಲ್ಲ.

ಮುಗಿಯದೆ ಉಳಿದ ಕೇಸು ಇವೆಲ್ಲಕ್ಕಿಂತ ತಲೆನೋವು. ಮಣಿಪಾಲದಂಥ ಊರಿನಲ್ಲಿ ಇದು ಆಗುವ ಬಗೆ ಹೀಗೆ: ದೂರದ ರಾಜ್ಯದಿಂದ ಓದಲು ಬಂದವನು ಎಂಡ್ ಪಾಯಿಂಟ್ ಕಡೆಯಿಂದಲೋ ಮಲ್ಪೆಯಿಂದಲೋ ಬರುವಾಗ ಸಿಕ್ಕಿಬೀಳುತ್ತಾನೆ, ಸಮನ್ಸ್ ಬರುತ್ತದೆ, ಆ ಹೊತ್ತಿಗೆ ಸೆಮಿಸ್ಟರ್ ಮುಗಿದು ಊರಿಗೆ ಹೋಗಿರುತ್ತಾನೆ. ಹಾಜರಾಗದಿದ್ದರೆ ಉಡುಪಿ ಕೋರ್ಟಿನಿಂದ ವಾರಂಟ್. ಕೆಲವು ವರ್ಷಗಳ ನಂತರ ಪಾಸ್‌ಪೋರ್ಟ್‌ಗೆ ಅರ್ಜಿ ಹಾಕಿದಾಗ ಅದು ಎದ್ದು ಕೂರುತ್ತದೆ. 1967ರ ಪಾಸ್‌ಪೋರ್ಟ್ ಕಾಯ್ದೆಯ 6ನೇ ಸೆಕ್ಷನ್ ನೋಡಿ. ಶಿಕ್ಷೆಯಾದವನಿಗೆ ಪಾಸ್‌ಪೋರ್ಟ್ ನಿರಾಕರಿಸಬೇಕಾದರೆ ನೈತಿಕ ಅಧಃಪತನದ, ಅಂದರೆ ನೀಚವೆನಿಸುವಂಥ ಅಪರಾಧವಾಗಿರಬೇಕು, ಕನಿಷ್ಠ 2 ವರ್ಷ ಜೈಲಾಗಿರಬೇಕು, ಅದೂ ಕಳೆದ 5 ವರ್ಷದೊಳಗೆ. ದಂಡ ಕಟ್ಟಿ ಬಂದವನಿಗೆ ಇದು ತಾಗುವುದೇ ಇಲ್ಲ. ಆದರೆ ಕ್ರಿಮಿನಲ್ ಕೇಸು ಬಾಕಿ ಇದೆ ಎಂಬುದಷ್ಟೇ ನಿರಾಕರಣೆಗೆ ಸಾಕಾಗುವ ಕಾರಣ. ಆಗ 1993ರ ಆಗಸ್ಟ್ 25ರ ಕೇಂದ್ರ ಅಧಿಸೂಚನೆಯಂತೆ ಕೋರ್ಟಿನ ಅನುಮತಿ ತಂದು ಕೊಡಬೇಕು. ಅಂದರೆ ಈ ವಿಷಯದಲ್ಲಿ ಶಿಕ್ಷೆ ಮುಗಿಸಿದವನಿಗಿಂತ ದಿನಾಂಕ ಎಳೆಯುತ್ತಾ ಕೂತವನೇ ಹೆಚ್ಚು ಸಿಕ್ಕಿಹಾಕಿಕೊಳ್ಳುತ್ತಾನೆ. ನಿಜವಾಗಿ ಕುಡಿದಿರಲಿಲ್ಲ, ಮೆಷಿನ್ ತಪ್ಪು ತೋರಿಸಿದೆ ಎನ್ನುವವರು ಹೋರಾಡಲಿ, ಅದು ಅವರ ಹಕ್ಕು. ಹೋರಾಡುವ ಉದ್ದೇಶವೂ ಇಲ್ಲದೆ, ಮುಗಿಸುವ ಉದ್ದೇಶವೂ ಇಲ್ಲದೆ ಬಿಟ್ಟಿರುವುದು ದಡ್ಡತನ.

ಕೇಸು ಮುಗಿದು, ದಂಡ ಕಟ್ಟಿ, ಎಂಬಿಬಿಎಸ್ ಓದಿ, ಒಂದು ವರ್ಷದ ಇಂಟರ್ನ್‌ಶಿಪ್ ಮುಗಿಸಿದವನ ಕತೆ ಏನು? ಕರ್ನಾಟಕ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಣಿಯಾಗಬೇಕು. ವೈದ್ಯರ ನಡತೆಗೆ ಇವತ್ತಿಗೂ ಅನ್ವಯಿಸುವುದು 2002ರ ನಿಯಮಾವಳಿ. 2023ರ ಆಗಸ್ಟ್‌ನಲ್ಲಿ ವೈದ್ಯಕೀಯ ಆಯೋಗ ಹೊಸದೊಂದನ್ನು ಹೊರಡಿಸಿ, ಮೂರು ವಾರದಲ್ಲಿ ತಾನೇ ತಡೆಹಿಡಿದು ಹಳೆಯದಕ್ಕೆ ಮರಳಿತು. ಆ ಹಳೆಯ ನಿಯಮಾವಳಿಯ 7.5ರಲ್ಲಿ, ನೈತಿಕ ಅಧಃಪತನದ ಅಪರಾಧಕ್ಕೆ ಕೋರ್ಟಿನಲ್ಲಿ ಶಿಕ್ಷೆಯಾದರೆ ಅದು ವೃತ್ತಿ ದುರ್ನಡತೆ ಎಂದಿದೆ. ಕುಡಿದು ಗಾಡಿ ಓಡಿಸುವುದು ನೈತಿಕ ಅಧಃಪತನವೇ? ಯಾವ ಕಾಯ್ದೆಯಲ್ಲೂ ಇದಕ್ಕೊಂದು ಪಟ್ಟಿ ಇಲ್ಲ. ಸುಪ್ರೀಂ ಕೋರ್ಟ್ 1996ರ ಪವನ್ ಕುಮಾರ್ ಪ್ರಕರಣದಲ್ಲಿ ಹೇಳಿದ್ದು, ಆ ಕೃತ್ಯ ಸ್ವಭಾವತಃ ನೀಚವೇ, ಸಮಾಜ ಹೇಸುವಂಥದ್ದೇ ಎಂದು ನೋಡಿ ತೀರ್ಮಾನಿಸಬೇಕೆಂದು. ಅಲ್ಲಿ ಹರಿಯಾಣದ ಒಬ್ಬ ನಾಲ್ಕನೇ ದರ್ಜೆಯ ನೌಕರ ಸಾರ್ವಜನಿಕವಾಗಿ ಅಶ್ಲೀಲ ವರ್ತನೆ ತೋರಿದ ಆರೋಪಕ್ಕೆ 20 ರೂಪಾಯಿ ದಂಡ ಕಟ್ಟಿ ಕೆಲಸವನ್ನೇ ಕಳೆದುಕೊಂಡಿದ್ದ. ಕೋರ್ಟು ಅವನನ್ನು ಉಳಿಸಿತು. 2019ರಲ್ಲಿ ಸ್ಟೇಟ್ ಬ್ಯಾಂಕ್ ನೌಕರರೊಬ್ಬರ ಪ್ರಕರಣದಲ್ಲೂ, ಪ್ರತಿ ಅಪರಾಧವೂ ನೈತಿಕ ಅಧಃಪತನವಾಗುವುದಿಲ್ಲ ಎಂದು ಅದೇ ಕೋರ್ಟು ಹೇಳಿದೆ. ಈ ಜಾಡು ಹಿಡಿದು ನೋಡಿದರೆ, ಯಾರಿಗೂ ಗಾಯವಾಗದ, ಮೊದಲ ಸಲದ 185 ಕೇಸಿನಿಂದ ವೈದ್ಯನ ನೋಂದಣಿಗೆ ಕುತ್ತು ಬರುವ ಸಂಭವ ಕಡಿಮೆ.

ಸರ್ಕಾರಿ ಕೆಲಸದ ಮಾತು ಬೇರೆ. ಕೇಂದ್ರ ಸರ್ಕಾರದ ಹುದ್ದೆಗಳಿಗೆ ತುಂಬಿಸಿಕೊಳ್ಳುವ ಅಟೆಸ್ಟೇಷನ್ ಫಾರ್ಮ್ ಎಂದಾದರೂ ಬಂಧನವಾಗಿದೆಯೇ, ದಂಡ ಬಿದ್ದಿದೆಯೇ, ಶಿಕ್ಷೆಯಾಗಿದೆಯೇ ಎಂದು ಬಿಡಿಬಿಡಿಯಾಗಿ ಕೇಳುತ್ತದೆ. ಮುಚ್ಚಿಟ್ಟರೆ ಅನರ್ಹ ಎಂಬ ಎಚ್ಚರಿಕೆಯೂ ಮೇಲೆಯೇ ಇರುತ್ತದೆ. ಇಂಥ ಫಾರ್ಮುಗಳ ಬಗ್ಗೆ ಸುಪ್ರೀಂ ಕೋರ್ಟಿನ 2016ರ ಅವತಾರ್ ಸಿಂಗ್ ತೀರ್ಪು ಇವತ್ತಿಗೂ ಅಳತೆಗೋಲು. ಮಾಹಿತಿ ಸತ್ಯವಾಗಿರಬೇಕು. ಹೇಳಿದ್ದರೂ ಅಡ್ಡಿಯಾಗದಷ್ಟು ಸಣ್ಣ ಅಪರಾಧವನ್ನು ಮುಚ್ಚಿಟ್ಟಿದ್ದರೆ ನೇಮಕ ಮಾಡುವವರು ತಮ್ಮ ವಿವೇಚನೆಯಿಂದ ಮನ್ನಿಸಬಹುದು. ಆದರೆ ಸತ್ಯ ಹೇಳಿದವನನ್ನು ತೆಗೆದುಕೊಳ್ಳಲೇಬೇಕೆಂಬ ಒತ್ತಾಯವೂ ಇಲ್ಲ, ಹಿನ್ನೆಲೆ ತೂಗಿನೋಡುವ ಅಧಿಕಾರ ಅವರಿಗಿದೆ. ಈ ಕೊನೆಯ ಸಾಲನ್ನು ಓದಿಯೇ ಹಲವರು ‘ಹೇಳಿ ಯಾಕೆ ಸಿಕ್ಕಿಬೀಳಬೇಕು’ ಅಂದುಕೊಳ್ಳುವುದು. ಲೆಕ್ಕ ತಪ್ಪುವುದು ಅಲ್ಲೇ. ಹೇಳಿದರೆ ಎದುರಿಗಿರುವುದು 10,000 ರೂಪಾಯಿಯ ಹಳೆಯ ದಂಡ. ಮುಚ್ಚಿಟ್ಟು ಸಿಕ್ಕಿಬಿದ್ದರೆ ಎದುರಿಗಿರುವುದು ಇವತ್ತು ಹೇಳಿದ ಸುಳ್ಳು, ಅದಕ್ಕೆ ಹತ್ತೊಂಬತ್ತರ ಪ್ರಾಯದ ನೆಪ ನಡೆಯದು.

ನಮ್ಮ ಕಡೆಯವರಿಗೆ ಇದೆಲ್ಲಕ್ಕಿಂತ ಬಿಸಿ ತಟ್ಟುವುದು ಬಜ್ಪೆಯಿಂದ ವಿಮಾನ ಹತ್ತುವಾಗ. ಮಂಗಳೂರು, ಮಣಿಪಾಲದಲ್ಲಿ ಓದಿದವರಲ್ಲಿ ಹೊರದೇಶದ ಕನಸಿಲ್ಲದವರನ್ನು ಹುಡುಕಬೇಕು. ಗಲ್ಫ್ ಆದರೆ ಪೊಲೀಸ್ ಕ್ಲಿಯರೆನ್ಸ್ ಮತ್ತು ವೃತ್ತಿಯಲ್ಲಿ ಕಳಂಕವಿಲ್ಲವೆಂದು ಮೆಡಿಕಲ್ ಕೌನ್ಸಿಲ್ ಕೊಡುವ ಗುಡ್ ಸ್ಟ್ಯಾಂಡಿಂಗ್ ಪತ್ರ ಕೇಳುತ್ತಾರೆ. ಬ್ರಿಟನ್‌ನ ಜನರಲ್ ಮೆಡಿಕಲ್ ಕೌನ್ಸಿಲ್‌ನಲ್ಲಿ ನೋಂದಾಯಿಸಿದ ಡಾಕ್ಟರ್ ಜಗತ್ತಿನ ಯಾವ ಮೂಲೆಯಲ್ಲಿ ಅಪರಾಧಿ ಎನಿಸಿಕೊಂಡರೂ ತಡಮಾಡದೆ ತಿಳಿಸಬೇಕು. ಅಲ್ಲಿನ ವೀಸಾ ಅರ್ಜಿ ವಾಹನ ಸಂಬಂಧಿ ದಂಡಗಳನ್ನೂ ಬಿಡದೆ ಕೇಳುತ್ತದೆ. ಅಮೆರಿಕದ ವೀಸಾ ಅರ್ಜಿಯಲ್ಲಿ ಬಂಧನವಾಗಿತ್ತೇ ಎಂದೇ ಪ್ರಶ್ನೆ, ಶಿಕ್ಷೆಯ ಮಾತು ಆಮೇಲೆ. ಕಳೆದ 5 ವರ್ಷದಲ್ಲಿ ಮದ್ಯಕ್ಕೆ ಸಂಬಂಧಿಸಿದ ಒಂದು ಬಂಧನವಿದ್ದರೂ ವೀಸಾ ಅಧಿಕಾರಿ ಅರ್ಜಿದಾರನನ್ನು ತಮ್ಮ ಪ್ಯಾನೆಲ್ ವೈದ್ಯರ ಬಳಿಗೆ ಕಳಿಸುತ್ತಾರೆ, ಕುಡಿತದ ಕಾಯಿಲೆ ಇದೆಯೇ ಎಂದು ನೋಡಲು. ರೆಸಿಡೆನ್ಸಿ, ಅಂದರೆ ಅಲ್ಲಿನ ಆಸ್ಪತ್ರೆಯಲ್ಲಿ ಪಿಜಿ ತರಬೇತಿ, ಸಿಕ್ಕಿ ಜುಲೈ 1ಕ್ಕೆ ಸೇರಬೇಕಾದವನಿಗೆ ಆ ಒಂದು ಸುತ್ತಿನ ವಿಳಂಬವೇ ಸಾಕು ಬೆವರಿಳಿಸಲು. ಅಲ್ಲಿಗೆ ಹೋದ ಮೇಲೆ ಕುಡಿದು ಓಡಿಸಿ ಬಂಧನವಾದರಂತೂ, 2015ರಿಂದ ಜಾರಿಯಲ್ಲಿರುವ ನೀತಿಯಂತೆ, ತೀರ್ಪಿಗೂ ಕಾಯದೆ ವೀಸಾ ರದ್ದು ಮಾಡಬಹುದು.

ಕೆನಡಾ ಇನ್ನೂ ಬಿಗಿ. 2018ರ ಡಿಸೆಂಬರ್ 18ರಿಂದ ಅಲ್ಲಿ ಕುಡಿದು ವಾಹನ ಓಡಿಸುವುದಕ್ಕೆ ಗರಿಷ್ಠ ಶಿಕ್ಷೆ 10 ವರ್ಷ. ಹಾಗಾಗಿ ವಲಸೆ ಕಾನೂನಿನಲ್ಲಿ ಅದು ಗಂಭೀರ ಅಪರಾಧದ ಸಾಲಿಗೆ ಸೇರಿದೆ. ಹೊರದೇಶದಲ್ಲಿ ಆದ ಶಿಕ್ಷೆಯನ್ನು ಅವರು ತಮ್ಮ ಕಾನೂನಿನ ಯಾವ ಅಪರಾಧಕ್ಕೆ ಸಮ ಎಂದು ಹೋಲಿಸಿ ನೋಡುತ್ತಾರೆ. ಇಲ್ಲಿ ಮೆಷಿನ್ ತೋರಿಸಿದ ಅಂಕಿಗೆ ಬೆಲೆ ಬರುತ್ತದೆ. ನಮ್ಮ ಮಿತಿ 30. ಕೆನಡಾ, ಇಂಗ್ಲೆಂಡ್, ಅಮೆರಿಕದ ಬಹುತೇಕ ರಾಜ್ಯಗಳಲ್ಲಿ 80. ನಂತೂರಿನಲ್ಲಿ 45 ತೋರಿಸಿ ದಂಡ ಕಟ್ಟಿದವನು ಅಲ್ಲಿನ ಅಂಕಿಯ ಮಿತಿಯನ್ನು ದಾಟಿಯೇ ಇರುವುದಿಲ್ಲ. ಅಲ್ಲಿ ಮಿತಿಯೊಳಗಿದ್ದರೂ ಓಡಿಸುವ ಸಾಮರ್ಥ್ಯ ಕುಂದಿತ್ತೆಂದು ಸಾಬೀತಾದರೆ ಅಪರಾಧವೇ, ಅದು ಬೇರೆ. ಆದರೂ ವಾದಿಸಲು ಒಂದು ಹಿಡಿ ಸಿಗುತ್ತದೆ, ಆ ಅಂಕಿಯಿರುವ ಕಾಗದ ಕೈಯಲ್ಲಿದ್ದರೆ.

ಇಷ್ಟೂ ಹೇಳಿದ್ದು ಯಾರಿಗೂ ಏನೂ ಆಗದ ಕೇಸಿನ ಬಗ್ಗೆ. ರಸ್ತೆಯಲ್ಲಿ ಯಾರಾದರೂ ಸತ್ತರೆ ಈ ಲೆಕ್ಕಾಚಾರವೆಲ್ಲ ಬಿದ್ದುಹೋಗುತ್ತದೆ. ನಿರ್ಲಕ್ಷ್ಯದಿಂದ ಸಾವಿಗೆ ಭಾರತೀಯ ನ್ಯಾಯ ಸಂಹಿತೆಯ 106ನೇ ಸೆಕ್ಷನ್‌ನಲ್ಲಿ 5 ವರ್ಷದವರೆಗೆ ಜೈಲಿದೆ. ಕುಡಿದು ಓಡಿಸಿ ಕೊಂದದ್ದನ್ನು ಬರೀ ನಿರ್ಲಕ್ಷ್ಯವೆಂದು ಬಿಡಲಾಗದು, ನರಹತ್ಯೆಯ ಸೆಕ್ಷನ್ ಹಾಕಬಹುದು ಎಂದು ಸುಪ್ರೀಂ ಕೋರ್ಟ್ 2012ರಲ್ಲೇ, ಮುಂಬೈಯ ಪಾದಚಾರಿ ದಾರಿಯಲ್ಲಿ ಮಲಗಿದ್ದ ಏಳು ಮಂದಿ ಸತ್ತ ಪ್ರಕರಣದಲ್ಲಿ ಹೇಳಿಯಾಗಿದೆ.

ಹೊರದೇಶದ ವೈದ್ಯಕೀಯ ಮಂಡಳಿಗಳು ಇಷ್ಟು ಕೆದಕುವುದು ಏಕೆ? ಕುಡಿಯುವವನು ಕೆಟ್ಟವನು ಎಂದು ತೀರ್ಪು ಕೊಡಲಿಕ್ಕಲ್ಲ. ಒಂದು ಸಲ ಸಿಕ್ಕಿಬಿದ್ದವನು ಬರೀ ಮೂರ್ಖನಿರಬಹುದು, ಎರಡನೇ ಸಲ ಸಿಕ್ಕಿಬಿದ್ದವನಿಗೆ ಕುಡಿತ ಕೈಮೀರಿದೆಯೇ ಎಂದು ನೋಡಬೇಕು, ಏಕೆಂದರೆ ನಾಳೆ ಅವನ ಕೈಯಲ್ಲಿ ಇನ್ನೊಬ್ಬರ ಜೀವವಿರುತ್ತದೆ ಎಂಬುದು ಅವರ ತರ್ಕ. ಆಸ್ಟ್ರೇಲಿಯದಲ್ಲಿ ವೈದ್ಯರ ಅಪರಾಧ ಹಿನ್ನೆಲೆ ತೂಗಲು ಲಿಖಿತ ಮಾನದಂಡವೇ ಇದೆ: ಅಪರಾಧ ಎಷ್ಟು ಗಂಭೀರ, ಆಗಿ ಎಷ್ಟು ಕಾಲವಾಯಿತು, ಆಗ ಪ್ರಾಯವೆಷ್ಟು, ಆಮೇಲೆ ನಡತೆ ಹೇಗಿದೆ. ಇದು ನನಗೆ ನ್ಯಾಯವೆನಿಸುತ್ತದೆ. ಕೇಳುತ್ತಾರೆ, ತೂಗುತ್ತಾರೆ, ಬಹಳಷ್ಟು ಸಲ ಬಿಡುತ್ತಾರೆ, ಬೇಕಾದವರನ್ನು ಚಿಕಿತ್ಸೆಗೆ ಕಳಿಸುತ್ತಾರೆ.

ನಾವು ಕೇಳುವುದೇ ಇಲ್ಲ. ಇದನ್ನು ಔದಾರ್ಯವೆಂದು ಕರೆಯಲು ನನಗೆ ಮನಸ್ಸಿಲ್ಲ. ಮೊದಲ ವರ್ಷದಲ್ಲೇ ಯಾರಾದರೂ ಕೇಳಿದ್ದರೆ ಹುಡುಗ ಹೇಳುತ್ತಿದ್ದ, ಒಬ್ಬ ಮೇಷ್ಟ್ರು ಕೂರಿಸಿ ಮಾತಾಡುತ್ತಿದ್ದರು, ದಾಖಲೆ ಸರಿಯಾಗಿ ಇಟ್ಟುಕೊಳ್ಳಲು ಹೇಳುತ್ತಿದ್ದರು. ಕೇಳದಿರುವುದರಿಂದ ಅವನು ಮುಚ್ಚಿಡುವುದನ್ನು ಕಲಿಯುತ್ತಾನೆ, ಕುಡಿತದ ತೊಂದರೆ ನಿಜವಾಗಿ ಇರುವವನು ಪಿಜಿಯವರೆಗೂ ಹಾಗೇ ಹೋಗುತ್ತಾನೆ. ಕುಡಿತ ಬಿಡಿಸುವ ಕೆಲಸ ಈ ಜಿಲ್ಲೆಗಳಿಗೆ ಹೊಸತಲ್ಲ. ಧರ್ಮಸ್ಥಳದ ಮದ್ಯವರ್ಜನ ಶಿಬಿರಗಳು ಹಳ್ಳಿಹಳ್ಳಿಯಲ್ಲಿ ನಡೆದಿವೆ, ಉಡುಪಿಯ ದೊಡ್ಡಣಗುಡ್ಡೆಯ ಬಾಳಿಗಾ ಆಸ್ಪತ್ರೆಯಲ್ಲೂ ಶಿಬಿರಗಳಾಗುತ್ತವೆ. ಆದರೆ ಮೀನುಗಾರನೂ ಕೂಲಿಯವನೂ ಎಲ್ಲರೆದುರು ಕೂರುವ ಆ ಚಾಪೆಯ ಮೇಲೆ ಎಂಬಿಬಿಎಸ್ ಹುಡುಗ ಬಂದು ಕೂರುತ್ತಾನೆಂದು ನಂಬುವವರು ಯಾರು? ಅವನಿಗೆ ಗುಟ್ಟು ಕಾಯುವ ಬೇರೆ ಬಾಗಿಲು ಬೇಕು, ಅದು ಕಾಲೇಜಿನೊಳಗೇ ಇರಬೇಕು. ಹೊಸ ಪ್ರಶ್ನೆಯೊಂದನ್ನು ಅರ್ಜಿಗೆ ಸೇರಿಸಿ, ಉತ್ತರಿಸಿದವನ ಸೀಟು ಕಿತ್ತುಕೊಳ್ಳುವ ಹಾಗೆ ಮಾಡಿದರೆ ಮಾತ್ರ ಈಗಿರುವುದಕ್ಕಿಂತ ಕೆಟ್ಟದಾಗುತ್ತದೆ. ಒಳ್ಳೆಯ ವಕೀಲರನ್ನು ಹಿಡಿಯಲು ದುಡ್ಡಿರುವವರು ಪಾರಾಗಿ, ಒಪ್ಪಿಕೊಂಡು ದಂಡ ಕಟ್ಟಿದ ಬಡವರ ಮಕ್ಕಳೇ ಸಿಕ್ಕಿಬೀಳುತ್ತಾರೆ.

ಕೇಸು ಈಗಾಗಲೇ ಆಗಿಹೋದವರು ಮಾಡಬೇಕಾದದ್ದು ದೊಡ್ಡದೇನಲ್ಲ. ಇನ್ನೂ ಕೋರ್ಟಿನಲ್ಲಿದ್ದರೆ ಪ್ರೊಬೇಷನ್ ಕಾಯ್ದೆಯ ಬಗ್ಗೆ ವಕೀಲರನ್ನು ಕೇಳಿ. 1958ರ ಆ ಕಾಯ್ದೆಯಡಿ ಎಚ್ಚರಿಕೆ ಕೊಟ್ಟೋ ಸನ್ನಡತೆಯ ಮುಚ್ಚಳಿಕೆ ಬರೆಸಿಕೊಂಡೋ ಬಿಡಲು ಮ್ಯಾಜಿಸ್ಟ್ರೇಟರಿಗೆ ಅಧಿಕಾರವಿದೆ, 12ನೇ ಸೆಕ್ಷನ್ ಶಿಕ್ಷೆಗೆ ಅಂಟುವ ಅನರ್ಹತೆಯನ್ನು ತೆಗೆಯುತ್ತದೆ. ಅಪರಾಧಿ ಎಂಬ ತೀರ್ಮಾನವನ್ನೇ ಅದು ಅಳಿಸುವುದಿಲ್ಲವಾದ್ದರಿಂದ, ಕೇಳಿದಲ್ಲಿ ಹೇಳಲೇಬೇಕು. ಮುಗಿದಿದ್ದರೆ ಆದೇಶದ ದೃಢೀಕೃತ ಪ್ರತಿ, ದಂಡದ ರಸೀದಿ, ಮೆಷಿನ್‌ನ ಚೀಟಿಯ ಪ್ರತಿ, ಲೈಸೆನ್ಸ್ ಅನರ್ಹತೆ ಮುಗಿದ ದಿನಾಂಕದ ಕಾಗದ, ಇಷ್ಟನ್ನು ಈಗಲೇ ತೆಗೆದಿಡಿ. ದೃಢೀಕೃತ ಪ್ರತಿಗೆ ಕೋರ್ಟಿನ ನಕಲು ಶಾಖೆಯಲ್ಲಿ ಅರ್ಜಿ ಕೊಟ್ಟರಾಯಿತು. ಸಣ್ಣ ಕೇಸುಗಳ ಕಡತಗಳನ್ನು ಕೋರ್ಟುಗಳು ಕೆಲವು ವರ್ಷಗಳ ನಂತರ ನಾಶಮಾಡುತ್ತವೆ. ಆಮೇಲೆ ಟೊರೊಂಟೊದಿಂದಲೋ ಲಂಡನ್‌ನಿಂದಲೋ ‘ಮೂಲ ಆದೇಶ ಕಳಿಸಿ’ ಎಂದು ಮೇಲ್ ಬಂದರೆ ಕೊಡಲು ಏನೂ ಇರುವುದಿಲ್ಲ.